ಎಚ್‌ಪಿಎಲ್‌ಸಿಯಲ್ಲಿ ಕಾರ್ಟಿಸಾಲ್ ಪೀಕ್ ಮಾಯವಾದರೆ ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸಿದೆ ಎನ್ನಬಹುದೇ?

ಮಲದ ಮಾದರಿಯೊಂದಿಗೆ ಆಮ್ಲಜನಕವಿಲ್ಲದೆ ಇಟ್ಟ ಕಾರ್ಟಿಸಾಲ್ (ಒಂದು ಸ್ಟೀರಾಯ್ಡ್ ಹಾರ್ಮೋನ್) ಬೆಳಗಾಗುವುದರೊಳಗೆ ಎಚ್‌ಪಿಎಲ್‌ಸಿಯಲ್ಲಿ, ಅಂದರೆ ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಒಂದೊಂದನ್ನೂ ಪೀಕ್ ಆಗಿ ತೋರಿಸುವ ಯಂತ್ರದಲ್ಲಿ, ಕಾಣೆಯಾಗಿದೆ, ಇದನ್ನು ‘ಸಂಪೂರ್ಣ ವಿಘಟನೆ’ ಎಂದು ಬರೆಯಲೇ ಅಥವಾ ವಸ್ತುಗಳನ್ನು ಬೇರ್ಪಡಿಸುವ ನಳಿಕೆಯಾದ ಕಾಲಮ್ ಬದಲಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ನಾನು ಹಾಗೆ ಬರೆದೇಬಿಟ್ಟಿದ್ದೆ. ನನ್ನ ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯವೇ ಆ ಮಾತಿನ ಮೇಲೆ ನಿಂತಿತ್ತು. ಕಾಲಮ್‌ನಿಂದ ಹೊರಬರುವುದನ್ನು ಬೆಳಕಿನಿಂದ ಗುರುತಿಸುವ ಡಿಟೆಕ್ಟರ್ ಯಾವ ತರಂಗಾಂತರದಲ್ಲಿತ್ತು ಎಂದು ಪರೀಕ್ಷಕರು ಕೇಳಿದ ಒಂದೇ ಪ್ರಶ್ನೆಗೆ ಅದು ಕುಸಿಯಿತು.

ಇದ್ದದ್ದು 240 ನ್ಯಾನೋಮೀಟರ್ ಆಸುಪಾಸಿನಲ್ಲಿ. ಆ ನೇರಳಾತೀತ ಬೆಳಕನ್ನು ಹೀರುವುದು ಕಾರ್ಟಿಸಾಲ್‌ನ ಇಡೀ ಅಣುವಲ್ಲ, ಮೊದಲ ಉಂಗುರದಲ್ಲಿ ಕೀಟೋನಿಗೆ ತಾಗಿಕೊಂಡಿರುವ ಒಂದು ದ್ವಿಬಂಧದ ಜೋಡಣೆ. ಕ್ಲಾಸ್ಟ್ರಿಡಿಯಮ್ ಪ್ಯಾರಾಪ್ಯೂಟ್ರಿಫಿಕಮ್‌ನಂತಹ ಕರುಳಿನ ಬ್ಯಾಕ್ಟೀರಿಯಾಗಳು ಇಂತಹ ಸ್ಟೀರಾಯ್ಡ್‌ಗಳ ಆ ದ್ವಿಬಂಧಕ್ಕೂ ಕೀಟೋನಿಗೂ ಹೈಡ್ರೋಜನ್ ಸೇರಿಸುತ್ತವೆ. ಹೀಗೆ ಹುಟ್ಟುವ ಟೆಟ್ರಾಹೈಡ್ರೋಕಾರ್ಟಿಸಾಲ್‌ನಲ್ಲಿ 21 ಇಂಗಾಲಗಳೂ ನಾಲ್ಕು ಉಂಗುರಗಳೂ ಇದ್ದಂತೆಯೇ ಇರುತ್ತವೆ, ಆ ಬೆಳಕನ್ನು ಹೀರುವ ಗುಣ ಮಾತ್ರ ಹೋಗಿರುತ್ತದೆ. ಪೀಕ್ ಇಳಿದುದರಿಂದ ವಸ್ತುವೇ ಇಲ್ಲವೆಂದು ನಾನು ತೀರ್ಮಾನಿಸಿದೆ. ಹೊಸ ಪೀಕ್ ಮೂಡದಿದ್ದುದನ್ನೂ ಅದಕ್ಕೆ ಸಾಕ್ಷಿಯಾಗಿಸಿದೆ. ಅಷ್ಟು ಸಾಲದೆಂಬಂತೆ, ಬೇರೆ ಬೇರೆ ಕಾಲಮ್‌ಗಳಲ್ಲಿ ಅದೇ ಫಲಿತಾಂಶ ಬಂದುದನ್ನು ದೃಢೀಕರಣವೆಂದು ಬರೆದೆ, ಆದರೆ ಎಲ್ಲ ಕಾಲಮ್‌ಗಳ ತುದಿಯಲ್ಲಿಯೂ ಇದ್ದದ್ದು ಅದೇ ಡಿಟೆಕ್ಟರ್. ಅಧ್ಯಾಯವನ್ನು ಮೊದಲಿನಿಂದ ಮಾಡಬೇಕಾಯಿತು, ಫೆಲೋಶಿಪ್ ಅಷ್ಟರಲ್ಲಿ ಮುಗಿದಿತ್ತು.

ನಿಮ್ಮ ಪ್ರಶ್ನೆಯೊಳಗಿನ ‘ತಿನ್ನುವುದು’ ಎಂಬ ಊಹೆಯನ್ನೇ ನಾನು ಒಪ್ಪುವುದಿಲ್ಲ. ಕೊಮಮೋನಾಸ್ ಟೆಸ್ಟೋಸ್ಟೆರೋನಿಯಂತಹ ಬ್ಯಾಕ್ಟೀರಿಯಾ ಉಂಗುರಗಳನ್ನು ಒಡೆಯಲು ಆಮ್ಲಜನಕವನ್ನು ಬಳಸುತ್ತದೆ; ನಿಮ್ಮ ಬಾಟಲಿಯಲ್ಲಿ ಆಮ್ಲಜನಕವೇ ಇಲ್ಲ. ಕರುಳಿನಲ್ಲಿ ನಡೆಯುವುದು ಹೆಚ್ಚಾಗಿ ಹೈಡ್ರೋಜನ್ ಸೇರಿಸುವ, ಹೈಡ್ರಾಕ್ಸಿಲ್ ತೆಗೆಯುವ, ಪಾರ್ಶ್ವಸರಪಳಿ ಕತ್ತರಿಸುವ ಕೆಲಸ. ಕ್ಲಾಸ್ಟ್ರಿಡಿಯಮ್ ಸಿಂಡೆನ್ಸ್ ಕಾರ್ಟಿಸಾಲ್‌ನ ಎರಡು ಇಂಗಾಲದ ಸರಪಳಿಯನ್ನು ಕತ್ತರಿಸಿ ಅದನ್ನು 19 ಇಂಗಾಲದ ಆಂಡ್ರೋಜನ್ (ಪುರುಷ ಹಾರ್ಮೋನ್ ಬಗೆಯ ಸ್ಟೀರಾಯ್ಡ್) ಆಗಿ ಮಾರ್ಪಡಿಸುತ್ತದೆ. ಅಲ್ಲಿ ಮೊದಲ ಉಂಗುರ ಹಾಗೆಯೇ ಉಳಿಯುವುದರಿಂದ ಹೊಸ ಪೀಕ್ ಕಾಣುತ್ತಿತ್ತು. ನಿಮಗೆ ಕಂಡಿಲ್ಲವೆಂದರೆ ಅನುಮಾನ ಟೆಟ್ರಾಹೈಡ್ರೋ ರೂಪದ ಕಡೆಗೇ ಹೋಗಬೇಕು.

ಕಾಲಮ್‌ಗೆ ಹಣ ಹಾಕದೆ ಮಾದರಿಯನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್‌ಗೆ ಕೊಡಿ. ಕಾರ್ಟಿಸಾಲ್‌ನ ಅಣುತೂಕ 362, ಟೆಟ್ರಾಹೈಡ್ರೋ ರೂಪದ್ದು 366, ಸರಪಳಿ ಕಳೆದುಕೊಂಡದ್ದರದು 302. ಬಿಸಿಮಾಡಿ ಕೊಂದ ಜೀವಕೋಶಗಳ ಕಂಟ್ರೋಲ್ (ಹೋಲಿಕೆಯ ಮಾದರಿ) ಕೂಡ ಇರಲಿ, ಏಕೆಂದರೆ ಸ್ಟೀರಾಯ್ಡ್ ಜೀವಕೋಶಗಳಿಗೆ ಅಂಟಿಕೊಂಡೂ ಕಡಿಮೆಯಾದಂತೆ ತೋರಬಹುದು. ಮಾಸ್ ಸ್ಪೆಕ್ ಸಿಗದಿದ್ದರೆ ಟೆಟ್ರಾಹೈಡ್ರೋಕಾರ್ಟಿಸಾಲ್ ಸ್ಟ್ಯಾಂಡರ್ಡ್ (ಶುದ್ಧ ಮಾದರಿ) ಜೊತೆಗೆ ಟಿಎಲ್‌ಸಿ, ಅಂದರೆ ತೆಳುಪದರದ ಪ್ಲೇಟಿನ ಮೇಲೆ ವಸ್ತುಗಳನ್ನು ಬೇರ್ಪಡಿಸುವ ಪರೀಕ್ಷೆ, ಓಡಿಸಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಿ ಪ್ಲೇಟನ್ನು ಕಾಯಿಸಿ. ನೇರಳಾತೀತ ಬೆಳಕಿಗೆ ಸಿಗದ ಸ್ಟೀರಾಯ್ಡ್‌ಗಳೂ ಕಲೆಯಾಗಿ ಎದ್ದು ಕಾಣುತ್ತವೆ.