ಇಂಧನ ಒತ್ತಡದ ಮುಳ್ಳು ಕುಣಿಯುತ್ತಿದೆ: ಪಂಪ್ ಬದಲಿಸಲೋ, ಸೆಂಡರ್ ಬದಲಿಸಲೋ?

ಎರಡನ್ನೂ ಬದಲಿಸಬೇಡಿ. ನೀವು ಬರೆದಿರುವುದು ಇಷ್ಟು: ರೋಟ್ಯಾಕ್ಸ್ 912 ಎಂಜಿನ್ನಿನ ಮೈಕ್ರೋಲೈಟ್ (ಪುಟ್ಟ ಹಗುರ ವಿಮಾನ), ಎಂಜಿನ್ ಸದ್ದು ಸರಾಗ, ಮುಳ್ಳು ಮಾತ್ರ 2ರಿಂದ 6 ಪಿಎಸ್‌ಐ ನಡುವೆ ಕುಣಿತ. ಜಕ್ಕೂರಿನಲ್ಲಿದ್ದ ನನ್ನ ವಿಮಾನದ್ದೂ ಇದೇ ಕಥೆ. ನಾನು ಮೊದಲು ಪಂಪ್ ಬದಲಿಸಿದೆ, ಆಮೇಲೆ ಒತ್ತಡವನ್ನು ಮೀಟರಿಗೆ ತಿಳಿಸುವ ಸೆಂಡರ್ ಬದಲಿಸಿದೆ, ಮುಳ್ಳು ಕುಣಿಯುತ್ತಲೇ ಇತ್ತು. ಮಂಜು ಕರಗಿದ ಮೇಲೆ ಹಾಯಾಗಿ ಹಾರಬಹುದಾದ ಚಳಿಗಾಲವೆಲ್ಲ ಹ್ಯಾಂಗರಿನಲ್ಲೇ ಕಳೆಯಿತು.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅಲ್ಲೇ ಎಡವುವ ಲಕ್ಷಣ ಕಾಣುತ್ತಿದೆ. ಎಂಜಿನ್ ಓಡುತ್ತಿರುವಾಗ ನೆರವಿಗಿರುವ ಎಲೆಕ್ಟ್ರಿಕ್ ಪಂಪಿನ ಸ್ವಿಚ್ ಹಾಕಿದೆ. ಮುಳ್ಳು ಮೇಲೇರಿತು. ಆರಿಸಿದೆ, ಇಳಿಯಿತು. ಅಲ್ಲಿಗೆ ಎಂಜಿನ್ನೇ ಓಡಿಸುವ ಮೆಕ್ಯಾನಿಕಲ್ ಪಂಪ್ ಸೋತಿದೆ ಎಂದು ತೀರ್ಮಾನಿಸಿಬಿಟ್ಟೆ. ಆದರೆ ಹಾಗೆಂದು ಹೇಳಿದ್ದು ಯಾರು? ನಾನು ಅನುಮಾನಿಸಬೇಕಿದ್ದ ಅದೇ ಮೀಟರ್. ಕಳ್ಳನ ಹೇಳಿಕೆಯನ್ನೇ ಸಾಕ್ಷಿಯಾಗಿ ಬರೆದುಕೊಂಡಂತಾಯಿತು.

ನನ್ನದು ಒಂಟಿ ವೈರಿನ ಸೆಂಡರ್. ಒತ್ತಡ ಏರಿದಂತೆ ಅದರ ರೋಧವೂ ಸುಮಾರು 10 ಓಮ್‌ನಿಂದ 180 ಓಮ್‌ವರೆಗೆ ಏರುತ್ತದೆ. ಕರೆಂಟು ಸೆಂಡರಿನ ಮೈಯಿಂದ ಎಂಜಿನ್ನಿಗೆ, ಅಲ್ಲಿಂದ ದಪ್ಪ ಅರ್ತಿಂಗ್ ಪಟ್ಟಿಯ ಮೂಲಕ ಬ್ಯಾಟರಿಗೆ ವಾಪಸಾಗುತ್ತದೆ. ಯಾರೋ ಪುಣ್ಯಾತ್ಮರು ಎಲೆಕ್ಟ್ರಿಕ್ ಪಂಪಿನ ನೆಗೆಟಿವ್ ವೈರನ್ನೂ ಎಂಜಿನ್ನಿಗೇ ಬಿಗಿದಿದ್ದರು. ಪಟ್ಟಿಯ ತುದಿ ಸಡಿಲವಾಗಿತ್ತು. ಪಂಪಿನ ಕರೆಂಟು ಆ ಜೋಡಣೆಯನ್ನು ದಾಟುವಾಗ ಹುಟ್ಟುತ್ತಿದ್ದ ಅಷ್ಟಿಷ್ಟು ವೋಲ್ಟೇಜನ್ನೂ ಮೀಟರ್ ಒತ್ತಡದ ಲೆಕ್ಕಕ್ಕೇ ಸೇರಿಸುತ್ತಿತ್ತು. ಎಂಜಿನ್ ನಡುಗಿದಂತೆಲ್ಲ ಸಂಪರ್ಕ ಕೂಡುತ್ತಿತ್ತು, ಬಿಡುತ್ತಿತ್ತು, ಮುಳ್ಳೂ ಅದರ ತಾಳಕ್ಕೆ ಹಾಕುತ್ತಿತ್ತು ಹೆಜ್ಜೆ.

ಸುಳಿವು ಇರಲಿಲ್ಲವೆಂದಲ್ಲ. ಅದೇ ಪಟ್ಟಿಯ ಮೂಲಕ ಕರೆಂಟು ಹರಿಯುವ ಸ್ಟಾರ್ಟರ್ ಬೆಳಿಗ್ಗೆ ಮುಕ್ಕರಿಯುತ್ತ ತಿರುಗುತ್ತಿತ್ತು. ಅದಕ್ಕೆ ಬ್ಯಾಟರಿಯನ್ನು ಬೈದುಕೊಂಡಿದ್ದೆ. ಕೊನೆಗೆ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಬಂದು, ಮೀಟರಿನತ್ತ ನೋಡದೆಯೇ, ‘ಸ್ಟಾರ್ಟರ್ ಹೇಗಿದೆ ಸಾರ್?’ ಎಂದು ಕೇಳಿ ನೇರವಾಗಿ ಪಟ್ಟಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದರು. ವಾಷರಿನ ಕೆಳಗೆ ಹಸಿರು ಕಿಲುಬು, ಅದರಡಿಯಲ್ಲಿ ಕೆರೆಯದೆ ಬಿಟ್ಟ ಬಣ್ಣ. ಉಜ್ಜಿ ಬಿಗಿದರು, ಪಂಪಿನ ವೈರನ್ನು ಬೇರೆ ಎಳೆದು ನೇರವಾಗಿ ಬ್ಯಾಟರಿಗೆ ಕೊಟ್ಟರು. ಮುಳ್ಳು ತೆಪ್ಪಗಾಯಿತು. ಕಳಚಿಟ್ಟ ಹಳೆಯ ಪಂಪಿನಲ್ಲಿ ಯಾವ ದೋಷವೂ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು. ಯಾವ ಭಾಗ ಕೆಟ್ಟಿದೆ ಎನ್ನುವ ಮೊದಲು ಒತ್ತಡ ನಿಜವಾಗಿ ಏರಿಳಿಯುತ್ತಿದೆಯೇ ಎಂದು ತಿಳಿಯಬೇಕು. ಲೈಸೆನ್ಸ್ ಇರುವ ಎಂಜಿನಿಯರ್ ಕೈಯಲ್ಲಿ ಇಂಧನದ ಕೊಳವೆಗೆ ಟಿ ಜಾಯಿಂಟ್ ಹಾಕಿಸಿ, ವೈರೇ ಇಲ್ಲದ ಮೆಕ್ಯಾನಿಕಲ್ ಗೇಜ್ ಜೋಡಿಸಿ, ವಿಮಾನವನ್ನು ಕಟ್ಟಿಹಾಕಿ ನೆಲದ ಮೇಲೆಯೇ ಓಡಿಸಿ ನೋಡಿ. 2.2ರಿಂದ 5.8 ಪಿಎಸ್‌ಐ ಒಳಗೆ ಸ್ಥಿರವಾಗಿದ್ದರೆ ಪಂಪನ್ನು ಮುಟ್ಟಬೇಡಿ (ಕೆಲವು ಹೊಸ ಪಂಪುಗಳಿಗೆ ಮೇಲಿನ ಮಿತಿ 7.2ರ ಆಸುಪಾಸು, ನಿಮ್ಮ ಕೈಪಿಡಿ ನೋಡಿ). ಇನ್ನೂ ಸುಲಭದ್ದು ಬೇಕೆಂದರೆ, ಎಂಜಿನ್ ಆರಿಸಿ, ಎಲೆಕ್ಟ್ರಿಕ್ ಪಂಪ್ ಮಾತ್ರ ಹಾಕಿ, ಎಂಜಿನ್ನಿನ ಲೋಹಕ್ಕೂ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. ಹೆಚ್ಚುಕಡಿಮೆ ಸೊನ್ನೆ ಇರಬೇಕು. ಸೆಂಡರಿನ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಿದ್ದರೆ ತೆಗೆಸಿ. ಅದು ಅರ್ತಿಂಗನ್ನೂ ಕೆಡಿಸುತ್ತದೆ, ಅದರ ಚೂರುಗಳು ಇಂಧನದಲ್ಲಿ ಸೇರಿಕೊಳ್ಳುತ್ತವೆ ಕೂಡ.

ಎಂಜಿನ್ ಸರಾಗವಾಗಿರುವುದರಿಂದ ಹಾರುತ್ತಿದ್ದೇನೆ ಎಂದು ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಿ. ಕಾರ್ಬ್ಯುರೇಟರಿನ ಬೋಗುಣಿಯಲ್ಲಿ ಪೆಟ್ರೋಲ್ ಇರುವಷ್ಟು ಹೊತ್ತು ಒತ್ತಡ ಬಿದ್ದರೂ ಎಂಜಿನ್ ಸದ್ದು ಬದಲಾಗುವುದಿಲ್ಲ.

ಮೆಕ್ಯಾನಿಕಲ್ ಗೇಜಿನಲ್ಲೂ ಮುಳ್ಳು ಕುಣಿದರೆ ಟ್ಯಾಂಕಿನ ಗಾಳಿಕೊಳವೆಯಿಂದ ಶುರುಮಾಡಿ, ಫಿಲ್ಟರ್, ಹೋಸ್‌ಗಳು, ಇಂಧನ ವಾಪಸ್ ಹೋಗುವ ಕೊಳವೆ ಎಲ್ಲವನ್ನೂ ನೋಡಿಸಿ. ರಸ್ತೆ ಬದಿಯ ಬಂಕಿನ ಪೆಟ್ರೋಲ್ ಹಾಕುತ್ತಿದ್ದರೆ ಅದನ್ನೂ ಎಂಜಿನಿಯರ್‌ಗೆ ತಿಳಿಸಿ: ಈಗ ಬರುವುದು ಇ20 (ಶೇ 20ರವರೆಗೆ ಎಥನಾಲ್ ಬೆರೆತದ್ದು), ಈ ಎಂಜಿನ್ನಿಗೆ ತಯಾರಕರ ಒಪ್ಪಿಗೆ ಇರುವುದು ಇ10ವರೆಗೆ ಮಾತ್ರ. ಇದೆಲ್ಲ ನೋಡಿ ಮುಗಿಯುವವರೆಗೆ ಹೊಸ ಪಂಪಿನ ಆರ್ಡರ್ ತಡೆಹಿಡಿಯಿರಿ.