ಹಾಯಿಹಡಗಿನ ಫೋಟೋ ನೋಡಿ ಬ್ರಿಗ್ಗಾ, ಸ್ಕೂನರಾ, ಬಾರ್ಕಾ ಅಂತ ಗುರುತಿಸೋದು ಹೇಗೆ?
ಚಿಕ್ಕದಿದ್ರೆ ಬ್ರಿಗ್, ದೊಡ್ಡದಿದ್ರೆ ಶಿಪ್ ಅಂತ ಏನಾದ್ರೂ ಅಳತೆ ಇದ್ಯಾ ಅಂತ ಕೇಳಿದೀರಲ್ಲ, ಹಂಗೇನಿಲ್ಲ, ಅಳತೆ ತಲೆಯಿಂದ ತೆಗೆದುಹಾಕಿ. ನನಗೆ ಹಾಯಿಹಡಗಿನ ಮಾಡೆಲ್ ಮಾಡೋ ಹುಚ್ಚು, ಯಾವ ಫೋಟೋ ಸಿಕ್ಕಿದ್ರೂ ಮೊದಲು ನೋಡೋದು ಎರಡೇ: ಕಂಬ ಎಷ್ಟಿದೆ, ಹಾಯಿ ಅಡ್ಡಕ್ಕಿದ್ಯಾ ಉದ್ದಕ್ಕಿದ್ಯಾ.

ಕಂಬದ ಮೇಲೆ ಅಡ್ಡಡ್ಡ ತೊಲೆ ಕಟ್ಟಿ ಅದರಿಂದ ಇಳಿಬಿಟ್ಟಿದ್ರೆ ಅಡ್ಡಹಾಯಿ, ಆ ತೊಲೆಗೆ ಯಾರ್ಡ್ ಅಂತಾರೆ. ಹಿಂದಿನಿಂದ ಗಾಳಿ ಬೀಸ್ತಿದ್ರೆ ಇದಕ್ಕೆ ಭರ್ಜರಿ ಓಟ. ಕಂಬದಿಂದ ಹಿಂದಕ್ಕೆ ಹಡಗಿನ ಉದ್ದಕ್ಕೇ ಚಾಚಿಕೊಂಡಿದ್ರೆ ಉದ್ದಹಾಯಿ. ಗಾಳಿಗೆ ಎದುರಾಗಿ ನೆಟ್ಟಗೆ ಯಾವ ಹಾಯಿಹಡಗೂ ಹೋಗಲ್ಲ, ಓರೆಯಾಗಿ ಆ ಕಡೆ ಈ ಕಡೆ ತಿರುಗಿಸ್ತಾ ಹೋಗ್ಬೇಕು, ಅದೇ ಟ್ಯಾಕಿಂಗ್, ಅದ್ರಲ್ಲಿ ಉದ್ದಹಾಯಿಯವು ಗಾಳಿ ದಿಕ್ಕಿಗೆ ಸುಮಾರು 45 ಡಿಗ್ರಿ ಹತ್ತಿರ ನುಗ್ತವೆ, ಅಡ್ಡಹಾಯಿಯವಕ್ಕೆ 60 ದಾಟಲೇಬೇಕು.

ಈಗ ಹೆಸರು. ಎರಡು ಕಂಬ, ಎರಡರಲ್ಲೂ ಅಡ್ಡಹಾಯಿ ಇದ್ರೆ ಬ್ರಿಗ್. ಮುಂದಿನದ್ರಲ್ಲಿ ಅಡ್ಡ, ಹಿಂದಿನದ್ರ ದೊಡ್ಡ ಹಾಯಿ ಉದ್ದಕ್ಕಿದ್ರೆ ಬ್ರಿಗಂಟೀನ್. ಎರಡರಲ್ಲೂ ಉದ್ದಹಾಯಿ, ಹಿಂದಿನ ಕಂಬ ಮುಂದಿನದಕ್ಕೆ ಸಮ ಅಥವಾ ಎತ್ತರ ಇದ್ರೆ ಸ್ಕೂನರ್, ಹಿಂದಿನದು ಕುಳ್ಳಗಿದ್ರೆ ಕೆಚ್ ಇಲ್ಲಾ ಯಾಲ್. ಮೂರು ಕಂಬದ್ದಾದ್ರೆ ಕೊನೇ ಕಂಬ ನೋಡಿ, ಅದ್ರಲ್ಲೂ ಅಡ್ಡಹಾಯಿ ಇದ್ರೆ ಫುಲ್ ರಿಗ್ಡ್ ಶಿಪ್, ಅದೊಂದ್ರಲ್ಲಿ ಮಾತ್ರ ಉದ್ದಹಾಯಿ ಇದ್ರೆ ಬಾರ್ಕ್ (ನಮ್ಮ ನೌಕಾಪಡೆಯ ತರಂಗಿಣಿ ಇದೇ), ಮೊದಲನೇದು ಬಿಟ್ಟು ಉಳಿದೆಲ್ಲದರಲ್ಲೂ ಉದ್ದಹಾಯಿ ಇದ್ರೆ ಬಾರ್ಕಂಟೀನ್. ಒಂದು ವಿಷಯ, ಅಡ್ಡಹಾಯಿ ಹಡಗಲ್ಲೂ ಕಂಬಗಳ ಮಧ್ಯೆ ತ್ರಿಕೋನ ಹಾಯಿ ಇರ್ತವೆ, ಅದನ್ನ ನೋಡಿ ಗೊಂದಲ ಆಗ್ಬೇಡಿ, ಯಾರ್ಡ್ ಯಾವ ಕಂಬದಲ್ಲಿದೆ ಅಂತಷ್ಟೇ ನೋಡಿ. ಬಂದರಲ್ಲಿ ಹಾಯಿ ಸುತ್ತಿಟ್ಟಿದ್ರೂ ಯಾರ್ಡ್ ಸಾಮಾನ್ಯವಾಗಿ ಮೇಲೇ ಇರುತ್ತೆ.

ಸ್ಕೂನರ್ ಯಾಕೆ ಅಷ್ಟು ಬಳಕೆಗೆ ಬಂತು ಅಂದ್ರೆ ಸಂಬಳದ ಲೆಕ್ಕ. ಅಡ್ಡಹಾಯಿ ಸುತ್ತಬೇಕಂದ್ರೆ ಆಳುಗಳು ಕಂಬ ಹತ್ತಿ, ಯಾರ್ಡ್ ಕೆಳಗೆ ತೂಗಾಡೋ ಒಂದು ಹಗ್ಗದ ಮೇಲೆ ಕಾಲಿಟ್ಟು, ಹೊಟ್ಟೆ ತೊಲೆಗೆ ಒತ್ತಿಕೊಂಡು, ನೆಂದು ಹಲಗೆ ಥರ ಆಗಿರೋ ಕ್ಯಾನ್ವಾಸನ್ನ ಎರಡೂ ಕೈಯಲ್ಲಿ ಬಾಚಿ ಎಳೀಬೇಕು, ಅದೂ ಬಿರುಗಾಳಿಲಿ! ಸ್ಕೂನರಲ್ಲಿ ಬಹುಪಾಲು ಕೆಲಸ ಡೆಕ್ ಮೇಲೆ ನಿಂತೇ ಮುಗಿಯುತ್ತೆ, ಅದಕ್ಕೇ ಕಮ್ಮಿ ಆಳು ಸಾಕು. 1902ರ ಥಾಮಸ್ ಡಬ್ಲ್ಯೂ. ಲಾಸನ್ ಅನ್ನೋ ಸ್ಕೂನರಿಗೆ ಏಳು ಕಂಬ, ಹಾಯಿ ಏರಿಸೋಕೆ ಸ್ಟೀಮ್ ಯಂತ್ರ ಇತ್ತು, ಅಷ್ಟು ದೊಡ್ಡದನ್ನ ಇಪ್ಪತ್ತಕ್ಕಿಂತ ಕಮ್ಮಿ ಜನ ನಡೆಸ್ತಿದ್ರು. ಬಂದರಿನೊಳಗೆ ತಿರುಗಿಸೋಕೆ ಮಾತ್ರ ಮಹಾ ಮೊಂಡು ಹಡಗು, 1907ರಲ್ಲಿ ಇಂಗ್ಲೆಂಡ್ ಹತ್ರ ಬಿರುಗಾಳಿಗೆ ಸಿಕ್ಕಿ ಮುಳುಗ್ತು.

ಆಮೇಲೆ ಶೀಟ್ ಅಂತ ಓದಿದ್ರೆ ಹಾಯಿ ಅಂದ್ಕೋಬೇಡಿ, ಅದು ಹಾಯಿಯ ಕೆಳಮೂಲೆ ಹಿಡಿದು ಎಳೆಯೋ ಹಗ್ಗ. ಮೇಲೇರಿಸೋ ಹಗ್ಗ ಹ್ಯಾಲ್ಯಾರ್ಡ್.

ಕ್ಲಿಪ್ಪರ್ ಅನ್ನೋದು ಈ ಲೆಕ್ಕದಲ್ಲೇ ಬರಲ್ಲ, ಅದು ವೇಗಕ್ಕೆ ಅಂತ ಕಿರಿದಾಗಿ ಕಟ್ಟಿದ ಒಡಲಿಗೆ ಹೇಳೋದು. 1869ರ ಕಟ್ಟಿ ಸಾರ್ಕ್ ಕ್ಲಿಪ್ಪರ್, ಹಾಯಿ ಲೆಕ್ಕದಲ್ಲಿ ಫುಲ್ ರಿಗ್ಡ್ ಶಿಪ್. 1916ರಲ್ಲಿ ಅದರ ಕಂಬ ಮುರಿದಾಗ ರಿಪೇರಿ ಮಾಡಿದೋರು ಬಾರ್ಕಂಟೀನ್ ಮಾಡಿಬಿಟ್ರು, ಒಡಲು ಅದೇ. ಈಗ ಗ್ರೀನಿಚ್‌ನಲ್ಲಿ ಮತ್ತೆ ಮೂರೂ ಕಂಬಕ್ಕೆ ಯಾರ್ಡ್ ಏರಿಸಿ ನಿಲ್ಲಿಸಿದಾರೆ.