ಕ್ರೀಡಾಂಗಣ ಮೊದಲೋ, ಕ್ಲಬ್ ಮೊದಲೋ? ಮೈಸೂರಿನ ಫುಟ್ಬಾಲ್ ಬಗ್ಗೆ ಓದುಗರು ಕೇಳಿದ್ದು

ಪ್ರಶ್ನೆ: 25 ಸಾವಿರ ಆಸನಗಳ ಫುಟ್ಬಾಲ್ ಕ್ರೀಡಾಂಗಣ ಕಟ್ಟಿಬಿಟ್ಟರೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್, ದೇಶದ ಅತಿ ಮೇಲಿನ ಫುಟ್ಬಾಲ್ ಲೀಗ್) ತಂಡವೊಂದು ಮೈಸೂರಿಗೆ ತಾನಾಗಿಯೇ ಬರುತ್ತದೆ ಎಂದು ನಮ್ಮ ಬಡಾವಣೆಯ ಸಂಘದಲ್ಲಿ ಹಲವರ ವಾದ. ಎಕ್ಸ್‌ಪ್ರೆಸ್‌ವೇ ಆದಮೇಲೆ ಬೆಂಗಳೂರು ದೂರವೇನಲ್ಲ ಎನ್ನುತ್ತಾರೆ. ನಿಜವೇ? (ಕುವೆಂಪುನಗರದ ಓದುಗರು)

ಉತ್ತರ: ಬರುವುದಿಲ್ಲ. ಕಟ್ಟಡ ನೋಡಿ ಯಾವ ಕ್ಲಬ್ಬೂ ಊರು ಆರಿಸಿಕೊಳ್ಳುವುದಿಲ್ಲ. ನಷ್ಟ ತಡೆದುಕೊಳ್ಳುವ ಮಾಲೀಕ, ಪ್ರತಿ ಪಂದ್ಯಕ್ಕೂ ಬರುವ ಪ್ರೇಕ್ಷಕ, ಪ್ರಸಾರದ ಹಣ ಇವು ಮೂರೂ ಇದ್ದಲ್ಲಿ ಕ್ಲಬ್ ನಿಲ್ಲುತ್ತದೆ. ಒಂದು ಕೈಕೊಟ್ಟರೂ ಗಂಟುಮೂಟೆ ಕಟ್ಟುತ್ತದೆ. ದೆಹಲಿ ಡೈನಮೋಸ್ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆ ಸಿಟಿ ಬಾಗಿಲು ಹಾಕಿ, ಆ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಈ ಹೈದರಾಬಾದ್ ತಂಡ 2021-22ರಲ್ಲಿ ಚಾಂಪಿಯನ್ ಆಯಿತು, ಆಮೇಲೆ ಆಟಗಾರರ ಸಂಬಳಕ್ಕೂ ಪರದಾಡಿತು, 2025ರಲ್ಲಿ ಹೆಸರು ಬದಲಿಸಿಕೊಂಡು ದೆಹಲಿ ಸೇರಿತು. ಹೈದರಾಬಾದಿನಲ್ಲಿ ಅದು ಆಡುತ್ತಿದ್ದ ಗಚ್ಚಿಬೌಲಿಯ ಕ್ರೀಡಾಂಗಣ ಇದ್ದಲ್ಲೇ ಇದೆ.

ಲೀಗ್‌ನ ಬುಡವೂ ಈಗ ಗಟ್ಟಿಯಿಲ್ಲ. ಭಾರತೀಯ ಫುಟ್ಬಾಲ್ ಫೆಡರೇಷನ್ 2010ರಲ್ಲಿ ಮಾಡಿಕೊಂಡಿದ್ದ 15 ವರ್ಷದ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಎಂಬುದು ಇತ್ಯರ್ಥವಾಗದೆ 2025-26ರ ಋತು ಸಮಯಕ್ಕೆ ಶುರುವಾಗಲೇ ಇಲ್ಲ. ಗಟ್ಟಿ ಎನ್ನಿಸಿಕೊಂಡಿದ್ದ ಬೆಂಗಳೂರು ಎಫ್‌ಸಿ ಕೂಡ ಆ ಆಗಸ್ಟ್‌ನಲ್ಲಿ ಮೊದಲ ತಂಡದ ಸಂಬಳ ತಡೆಹಿಡಿಯಿತು. ಇಂಥ ಹೊತ್ತಿನಲ್ಲಿ ಬರಲಿರುವ ತಂಡವನ್ನು ನಂಬಿ ನಗರ ಸಾಲ ಮಾಡುವುದು ತಪ್ಪು ಎಂದೇ ಹೇಳುತ್ತೇವೆ.

ಹಾಗಂತ ಕ್ರೀಡಾಂಗಣ ಬೇಡವೇ ಬೇಡ ಎಂದಲ್ಲ. ಐಎಸ್‌ಎಲ್‌ಗಿಂತ ಒಂದು ಹಂತ ಕೆಳಗಿನ ಐ-ಲೀಗನ್ನು 2022-23ರಲ್ಲಿ ಗೆದ್ದು ಮೇಲೇರಿದ ಪಂಜಾಬ್ ಎಫ್‌ಸಿಗೆ ತನ್ನ ರಾಜ್ಯದಲ್ಲಿ ತಕ್ಕ ಕ್ರೀಡಾಂಗಣ ಸಿಗದೆ ತವರಿನ ಪಂದ್ಯಗಳನ್ನು ದೆಹಲಿಯಲ್ಲಿ ಆಡಬೇಕಾಯಿತು. ತಂಡ ಬೆಳೆದ ಮೇಲೆ ಕ್ರೀಡಾಂಗಣ ಬೇಕೇ ಬೇಕು. ಜಾಗ ಈಗಲೇ ಕಾಯ್ದಿರಿಸಿ, ಗ್ಯಾಲರಿ ಆಮೇಲೆ ಕಟ್ಟಿ.

ಎಕ್ಸ್‌ಪ್ರೆಸ್‌ವೇ ವಿಚಾರ: ಮಂಡಕಳ್ಳಿಯ ಮೈಸೂರು ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್, ಎಟಿಆರ್‌ನಂಥ ಸಣ್ಣ ವಿಮಾನಗಳಿಗಷ್ಟೇ ಸಾಕು. ಗುವಾಹಟಿಯಿಂದಲೋ ಕೋಲ್ಕತ್ತದಿಂದಲೋ ಬರುವ ತಂಡ ದೇವನಹಳ್ಳಿಯಲ್ಲಿ ಇಳಿದು, ಬೆಂಗಳೂರನ್ನು ಆ ತುದಿಯಿಂದ ಈ ತುದಿಗೆ ದಾಟಿ ಬಸ್ಸಿನಲ್ಲಿ ಬರಬೇಕು. ಇನ್ನು ರಸ್ತೆ ಚೆನ್ನಾಗಿದ್ದಷ್ಟೂ ಮೈಸೂರಿನ ಫುಟ್ಬಾಲ್ ಪ್ರೇಮಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಬರುವುದೂ ಸಲೀಸು. ಅದು ಎರಡೂ ಕಡೆ ಸಾಗುವ ದಾರಿ.

ಪ್ರಶ್ನೆ: ಹೊಸದು ಯಾಕೆ? ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲೇ ಫುಟ್ಬಾಲ್ ಆಡಿಸಬಾರದೇ? (ನಜರಬಾದ್)

ಉತ್ತರ: ಜಿಲ್ಲಾ ಮಟ್ಟದ ಪಂದ್ಯಕ್ಕೆ ಧಾರಾಳವಾಗಿ ಆಗುತ್ತದೆ. ವೃತ್ತಿಪರ ಪಂದ್ಯಕ್ಕೆ ತೊಡಕಾಗುವುದು ಓಟದ ಟ್ರ್ಯಾಕ್. ಲೆಕ್ಕ ನೋಡಿ. ಪ್ರಮಾಣಿತ 400 ಮೀಟರ್ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಅದರೊಳಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಅಂಕಣ ಹಾಕಿದರೆ ಕಾರ್ನರ್ ಬಾವುಟದಿಂದ ಟ್ರ್ಯಾಕಿನ ಒಳ ಅಂಚಿಗೆ ಒಂದು ಮೀಟರ್‌ಗೂ ಚೂರು ಕಡಿಮೆ ಉಳಿಯುತ್ತದೆ. ಓಡಿ ಬಂದು ಜಾರುವ ಹುಡುಗ ನೇರವಾಗಿ ಟ್ರ್ಯಾಕಿನ ಅಂಚಿನ ಪಟ್ಟಿಗೇ ಬಡಿಯುತ್ತಾನೆ. ಆಟ ಇದ್ದ ದಿನ ಆ ಪಟ್ಟಿಯನ್ನು ಕಿತ್ತಿಟ್ಟು, ಮೂಲೆಗಳಿಗೆ ಟರ್ಫ್ ಹಾಸಲೇಬೇಕು. ಗೋಲಿನ ಹಿಂದೆ ಕೂತವರಿಗೂ ಗೋಲು ಗೆರೆಗೂ ನಡುವೆ, ಎಂಟು ಲೇನ್ ಸೇರಿ, ಕನಿಷ್ಠ 36 ಮೀಟರ್ ಅಂತರ. ಅಲ್ಲಿಂದ ಆಟ ಮುಖಕ್ಕೆ ಬರುವುದಿಲ್ಲ, ಪ್ರೇಕ್ಷಕ ಎರಡನೇ ಸಲ ಟಿಕೆಟ್ ಕೊಳ್ಳುವುದೂ ಕಷ್ಟ.

ಇನ್ನೊಂದು ತೊಂದರೆ ಹಂಚಿಕೆಯದು. ಕಂಠೀರವದಲ್ಲಿ ಅಥ್ಲೀಟ್‌ಗಳಿಗೂ ಫುಟ್ಬಾಲ್‌ಗೂ ವರ್ಷಗಟ್ಟಲೆ ತಿಕ್ಕಾಟ ನಡೆದು ವಿಷಯ ನ್ಯಾಯಾಲಯಕ್ಕೂ ಹೋಯಿತು. ಬೆಳಿಗ್ಗೆ ಐದೂವರೆಗೆ ಸ್ಪೈಕ್ಸ್ ಕಟ್ಟಿಕೊಂಡು ಬರುವ ಹುಡುಗಿಯ ಟ್ರ್ಯಾಕನ್ನು ಕಸಿದು ಫುಟ್ಬಾಲ್ ಬೆಳೆಸುವುದು ನ್ಯಾಯವಲ್ಲ. ಬೇರೆ ಜಾಗವೇ ಸರಿ.

ಪ್ರಶ್ನೆ: ಮಂಡ್ಯದಲ್ಲಿ ಕಾಲೇಜು ತಂಡಕ್ಕೆ ತರಬೇತಿ ಕೊಡುತ್ತೇನೆ. ಹೊಸ ಮೈದಾನ ಆಗುವುದಾದರೆ ಹುಲ್ಲು ಒಳ್ಳೆಯದೋ, ಕೃತಕ ಟರ್ಫೋ? ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಷ್ಟ ಇರುವಾಗ ಹುಲ್ಲಿಗೆ ನೀರು ಎಲ್ಲಿಂದ?

ಉತ್ತರ: ಎಲ್ಲರೂ ಗ್ಯಾಲರಿಯ ನಕ್ಷೆ ನೋಡುತ್ತಾರೆ, ಹಾಳಾಗುವುದು ಮಾತ್ರ ನೆಲದಡಿಯ ಕೆಲಸ. ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ.

ಅಂಕಣವೊಂದೇ 7,140 ಚದರ ಮೀಟರ್, ಅಂದರೆ 1 ಎಕರೆ 30 ಗುಂಟೆ. ಸುತ್ತಲ ಅಂಚು ಸೇರಿ 8,500 ಚದರ ಮೀಟರ್ ಹಿಡಿಯಿರಿ. ಬಿಸಿಲು ಕಾಲದಲ್ಲಿ ಹುಲ್ಲು ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಕುಡಿಯುತ್ತದೆ. ಒಟ್ಟು 42 ಸಾವಿರ ಲೀಟರ್. ಇದಕ್ಕೆ ಕಾವೇರಿ ನೀರು ಕೇಳಬಾರದು. ಮೈಸೂರಿನಲ್ಲಿ ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಯ ಕೊಳಚೆ ನೀರು ಶುದ್ಧೀಕರಣ ಘಟಕಗಳಿವೆ. ಆ ನೀರನ್ನು ಇನ್ನೊಂದು ಹಂತ ಸೋಸಿ, ಉಪ್ಪಿನಂಶ ಪರೀಕ್ಷಿಸಿ ಬಳಸಬಹುದು. ಉಪ್ಪು ಹೆಚ್ಚಿದ್ದರೆ ಹುಲ್ಲಿನ ತುದಿ ಕಂದುತ್ತದೆ, ಮಣ್ಣು ಬಿಗಿಯುತ್ತದೆ. ಎರಡು ದಿನದ ನೀರು ಹಿಡಿಯುವ ತೊಟ್ಟಿ ಇರಲೇಬೇಕು.

ತಳಿ ಬರ್ಮುಡಾ. ನಮ್ಮ ಗರಿಕೆಯ ಜಾತಿಯದೇ, ಬಿಸಿಲಿಗೂ ತುಳಿತಕ್ಕೂ ಜಗ್ಗುವುದಿಲ್ಲ. ನೆರಳನ್ನು ಮಾತ್ರ ತಡೆಯದು. ಹಾಗಾಗಿ ಎತ್ತರದ ಮುಚ್ಚಿದ ಗ್ಯಾಲರಿಯನ್ನು ದಕ್ಷಿಣಕ್ಕೆ ಕಟ್ಟಿದರೆ ಚಳಿಗಾಲದಲ್ಲಿ ಆ ಬದಿ ಬೋಳಾಗುತ್ತದೆ.

ತಳಪಾಯದ ಕ್ರಮ ಹೀಗೆ. ಮೊದಲು ಕೆಂಪು ಮಣ್ಣನ್ನು ಇಳಿಜಾರಿಗೆ ಸರಿಮಾಡಿ ಒತ್ತಬೇಕು. ಅದರಲ್ಲಿ 5ರಿಂದ 7 ಮೀಟರ್‌ಗೊಂದು ಕಾಲುವೆ ತೋಡಿ, 100 ಮಿಲಿಮೀಟರ್‌ನ ತೂತಿನ ಪೈಪನ್ನು 200ಕ್ಕೆ 1ರ ಇಳಿಜಾರಿನಲ್ಲಿ ಕೂರಿಸಬೇಕು. ಮೇಲೆ 10 ಸೆಂಟಿಮೀಟರ್ ತೊಳೆದ ಸಣ್ಣ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಮರಳು ಮತ್ತು ಸ್ವಲ್ಪ ಗೊಬ್ಬರ. ಮರಳೇ 2,500 ಘನ ಮೀಟರ್, ಇನ್ನೂರಕ್ಕೂ ಹೆಚ್ಚು ಟಿಪ್ಪರ್ ಲೋಡ್. ಗುತ್ತಿಗೆದಾರರು ಉಳಿಸಲು ನೋಡುವುದು ಇಲ್ಲೇ. ತೊಳೆಯದ ಎಂ-ಸ್ಯಾಂಡ್ ಸುರಿದರೆ ಅದರ ಪುಡಿ ಎರಡೇ ಮಳೆಗಾಲದಲ್ಲಿ ಸಿಮೆಂಟಿನಂತೆ ಕಟ್ಟಿಕೊಂಡು ನೀರು ಮೇಲೇ ನಿಲ್ಲುತ್ತದೆ. ಹುಲ್ಲು ನೆಡುವ ಮೊದಲೇ ಒಂದು ಅಗಲ ಪೈಪಿನ ತುಂಡು ಚುಚ್ಚಿ, ಮರಳನ್ನು ಚೆನ್ನಾಗಿ ನೆನೆಸಿ, 15 ಸೆಂಟಿಮೀಟರ್ ನೀರು ಹಾಕಿ ನೋಡಿ. ಒಂದು ಗಂಟೆಯೊಳಗೆ ಇಂಗದಿದ್ದರೆ ಬಿಲ್ ಪಾಸ್ ಮಾಡಬಾರದು. ಅಂಕಣದ ನಡುಭಾಗ ಅಂಚಿಗಿಂತ 17 ಸೆಂಟಿಮೀಟರ್ ಎತ್ತರವಿರಲಿ. ಅದು ಅರ್ಧ ಪರ್ಸೆಂಟ್ ಇಳಿಜಾರು.

ಮಂಡ್ಯಕ್ಕೆ ಒಂದು ಎಚ್ಚರಿಕೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಿಟ್ಟಾಗ ಅಂತರ್ಜಲ ಮೇಲೆ ಬರುತ್ತದೆ. ಪೈಪಿನ ಬಾಯಿ ಹೊರ ಚರಂಡಿಗಿಂತ ಕೆಳಗಿದ್ದರೆ ನೀರು ಹೊರಗೆ ಹೋಗುವ ಬದಲು ಒಳಗೆ ನುಗ್ಗುತ್ತದೆ. ಮಳೆಗಾಲದ ಕೊನೆಯಲ್ಲಿ ಗುಂಡಿ ತೋಡಿ ನೀರಿನ ಮಟ್ಟ ಅಳೆದ ಮೇಲೆಯೇ ಮೈದಾನದ ಎತ್ತರ ನಿರ್ಧರಿಸಿ.

ಕೃತಕ ಟರ್ಫ್‌ನ ಲಾಭ ಒಂದೇ, ದೊಡ್ಡದು: ಬೆಳಗಿನಿಂದ ರಾತ್ರಿವರೆಗೆ ಆಡಬಹುದು. ಹುಲ್ಲು ವಾರಕ್ಕೆ ಎರಡು ಪಂದ್ಯ, ಸ್ವಲ್ಪ ಅಭ್ಯಾಸ ತಡೆದೀತು, ಅಷ್ಟೇ. ಆದರೆ ಏಪ್ರಿಲ್ ಮಧ್ಯಾಹ್ನ ಟರ್ಫ್‌ನ ಮೇಲ್ಮೈ 60 ಡಿಗ್ರಿ ದಾಟುತ್ತದೆ, ಮಕ್ಕಳ ಅಂಗಾಲು ಸುಡುತ್ತದೆ. 8-10 ವರ್ಷಕ್ಕೆ ಪೂರ್ತಿ ಬದಲಿಸಬೇಕು. ಅದರಲ್ಲಿ ತುಂಬುವ ರಬ್ಬರ್ ಪುಡಿಯ ಮಾರಾಟಕ್ಕೆ ಐರೋಪ್ಯ ಒಕ್ಕೂಟ 2023ರಲ್ಲೇ ನಿಷೇಧ ನಿರ್ಧರಿಸಿ 8 ವರ್ಷ ಗಡುವು ಕೊಟ್ಟಿದೆ. ಈಗ ಹಾಕುವವರು ತೆಂಗಿನ ನಾರು, ಕಾರ್ಕ್‌ನಂಥವನ್ನು ಕೇಳಿ ನೋಡುವುದು ಜಾಣತನ. ನಮ್ಮ ಆಯ್ಕೆ: ಪಂದ್ಯಕ್ಕೊಂದು ಹುಲ್ಲಿನ ಅಂಕಣ, ಪಕ್ಕದಲ್ಲೇ ಅಭ್ಯಾಸಕ್ಕೊಂದು ಟರ್ಫ್. ಒಂದನ್ನೇ ಮಾಡುವಷ್ಟು ಹಣವಿದ್ದರೆ ಮೈಸೂರಿನಲ್ಲಿ ಟರ್ಫ್, ಮಂಡ್ಯದಲ್ಲಿ ಹುಲ್ಲು.

ಪ್ರಶ್ನೆ: ಪಂದ್ಯಗಳಿಂದ ಹೋಟೆಲ್, ಆಟೊ, ಅಂಗಡಿಗಳಿಗೆ ವ್ಯಾಪಾರವಾಗಿ ಕ್ರೀಡಾಂಗಣದ ಖರ್ಚು ಹುಟ್ಟುವುದಿಲ್ಲವೇ? (ದೇವರಾಜ ಮಾರುಕಟ್ಟೆಯ ವರ್ತಕರು)

ಉತ್ತರ: ತಂಡವೊಂದಕ್ಕೆ ತವರಿನಲ್ಲಿ ಸಿಗುವುದು ಋತುವಿಗೆ ಹತ್ತು-ಹನ್ನೆರಡು ಪಂದ್ಯ. ಲೆಕ್ಕಕ್ಕಾಗಿ ಪ್ರತಿ ಪಂದ್ಯಕ್ಕೆ 6,000 ಜನ, 150 ರೂಪಾಯಿ ಟಿಕೆಟ್, 12 ಪಂದ್ಯ ಅಂದುಕೊಳ್ಳಿ: 1 ಕೋಟಿ 8 ಲಕ್ಷ. ಕ್ರೀಡಾಂಗಣಕ್ಕೆ 60 ಕೋಟಿ ಸಾಲ ತಂದಿದ್ದರೆ ಶೇ 8ರಂತೆ ಬಡ್ಡಿಯೇ ವರ್ಷಕ್ಕೆ 4 ಕೋಟಿ 80 ಲಕ್ಷ. ಟಿಕೆಟ್ ಹಣ ಕ್ಲಬ್ಬಿಗೆ, ಬಡ್ಡಿ ಊರಿಗೆ. ವ್ಯಾಪಾರ ಆಗುವುದು ನಿಜ, ಆದರೆ ಮೈಸೂರಿನವರೇ ಸಿನಿಮಾಕ್ಕೋ ಹೋಟೆಲಿಗೋ ಹಾಕುತ್ತಿದ್ದ ದುಡ್ಡು ಜಾಗ ಬದಲಿಸುತ್ತದೆ. ಹೊರಗಿನಿಂದ ಬಂದು ರಾತ್ರಿ ತಂಗುವವರದ್ದು ಮಾತ್ರ ಹೊಸ ದುಡ್ಡು. ಅಮೆರಿಕದಲ್ಲಿ ದಶಕಗಳಿಂದ ಇದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಲ್ಲಿ ಬಹುಪಾಲು ಮಂದಿ ಸಾರ್ವಜನಿಕ ಹಣ ಮರಳಿ ಬರುವುದಿಲ್ಲ ಎಂದೇ ಹೇಳಿದ್ದಾರೆ. ಮೈದಾನ ಬೇಕಾದದ್ದು ಮಕ್ಕಳಿಗೆ, ಆಟಕ್ಕೆ. ಆ ಕಾರಣವನ್ನೇ ನೇರವಾಗಿ ಹೇಳಿ ಹಣ ಕೇಳೋಣ.

ಪ್ರಶ್ನೆ: ಹಾಗಾದರೆ ವೃತ್ತಿಪರ ಫುಟ್ಬಾಲ್ ಮೈಸೂರಿಗೆ ಬರುವ ದಾರಿ ಯಾವುದು? ಹಿಂದೆ ಮೈಸೂರು ತಂಡ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ) ಗೆದ್ದಿತ್ತಲ್ಲ? (ಸರಸ್ವತಿಪುರಂ)

ಉತ್ತರ: 1946-47ರಿಂದ 1968-69ರವರೆಗೆ ನಾಲ್ಕು ಸಲ ಗೆದ್ದದ್ದು ಇಡೀ ಮೈಸೂರು ರಾಜ್ಯದ ತಂಡ, ಅದರ ಬಲವೆಲ್ಲ ಬೆಂಗಳೂರಿನದು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಕಪ್ ತಂದಿತು. ನಮ್ಮ ಜಿಲ್ಲೆಯ ಹುಡುಗರು ಆ ಮಟ್ಟಕ್ಕೆ ಏರಲು ಬೇಕಾದದ್ದು ವರ್ಷವಿಡೀ ಪಂದ್ಯ.

ಮೈಸೂರು, ಮಂಡ್ಯ, ಚಾಮರಾಜನಗರ ಸೇರಿ ಎಂಟು ತಂಡದ ಲೀಗ್ ಮಾಡಿ. ಪ್ರತಿ ತಂಡವೂ ಉಳಿದವರೊಂದಿಗೆ ಎರಡು ಸಲ ಆಡಿದರೆ 56 ಪಂದ್ಯ. ಶನಿವಾರ, ಭಾನುವಾರ ಎರಡೆರಡರಂತೆ 14 ವಾರ. ಎರಡೇ ದಿನದ ನಾಕೌಟ್ ಟೂರ್ನಿಯಲ್ಲಿ ಅರ್ಧ ತಂಡಗಳು ಒಂದೇ ಆಟಕ್ಕೆ ಮನೆಗೆ ಹೋಗುತ್ತವೆ. ಅದರಿಂದ ಆಟಗಾರ ಬೆಳೆಯುವುದಿಲ್ಲ. ಸಂಜೆ ಆಟಕ್ಕೆ 200 ಲಕ್ಸ್ ಬೆಳಕು ಸಾಕು, ಎಲ್‌ಇಡಿಯಲ್ಲಿ 30-40 ಕಿಲೋವ್ಯಾಟ್. ಟಿವಿ ಪ್ರಸಾರಕ್ಕೆ ಅದರ ಐದಾರು ಪಟ್ಟು ಬೇಕು. ಕಂಬದ ಬುನಾದಿ, ಕೇಬಲ್ ಹಾದಿ ಮಾತ್ರ ಈಗಲೇ ಆ ಅಳತೆಗೆ ಮಾಡಿಡಿ.

ಅಲ್ಲಿಂದ ಮುಂದೆ ರಾಜ್ಯ ಸಂಸ್ಥೆಯ ಮೂಲಕ ಐಎಸ್‌ಎಲ್‌ಗಿಂತ ಕೆಳಗಿನ ಮೂರು ಹಂತದ ರಾಷ್ಟ್ರೀಯ ಲೀಗ್‌ಗಳು, ಆಮೇಲೆ ಐಎಸ್‌ಎಲ್. ಕ್ಲಬ್ಬಿಗೆ ಬೇಕಾದ ಪರವಾನಗಿಗೆ ಕ್ರೀಡೆ, ಮೂಲಸೌಕರ್ಯ, ಸಿಬ್ಬಂದಿ, ಕಾನೂನು, ಹಣಕಾಸು ಎಂಬ ಐದು ಬಗೆಯ ಷರತ್ತುಗಳಿವೆ. ಸ್ವಂತ ಕ್ರೀಡಾಂಗಣವೇ ಇರಬೇಕೆಂದಿಲ್ಲ, ಬಳಕೆಯ ಲಿಖಿತ ಒಪ್ಪಂದ ನಡೆಯುತ್ತದೆ. ಪಕ್ಕದ ಕೇರಳ 2024ರಲ್ಲಿ ಆರು ತಂಡಗಳ ತನ್ನದೇ ಸೂಪರ್ ಲೀಗ್ ಶುರುಮಾಡಿದಾಗ ಮಂಜೇರಿಯ ಪಯ್ಯನಾಡ್‌ನಂಥ ಇದ್ದ ಕ್ರೀಡಾಂಗಣಗಳನ್ನೇ ಬಳಸಿತು. ಕರ್ನಾಟಕಕ್ಕೂ ಅಂಥದ್ದು ಬೇಕೆಂದು ಒತ್ತಾಯಿಸುವುದು ಐಎಸ್‌ಎಲ್ ತಂಡಕ್ಕಾಗಿ ಕಾಯುವುದಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ: ಯೋಜನೆ ಮುಂದೆ ಬಂದರೆ ನಾಗರಿಕರಾಗಿ ನಾವು ಏನು ಕೇಳಬೇಕು? (ಮಂಡ್ಯ)

ಉತ್ತರ: ಮೊದಲು ಜಾಗದ ದಾಖಲೆ. ಉದ್ಯಾನ, ಆಟದ ಬಯಲಿಗೆ ಮೀಸಲಾದ ಜಾಗಕ್ಕೆ 1985ರ ರಾಜ್ಯ ಕಾಯ್ದೆಯ ರಕ್ಷಣೆ ಇದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಯೋಜನಾ ವರದಿ, ಮಣ್ಣು ಪರೀಕ್ಷೆ, ವಾರ್ಷಿಕ ನಿರ್ವಹಣೆಯ ಅಂದಾಜು ತೆಗೆಸಿ. ಮೂರನೆಯದು ಸಾಮಾನ್ಯವಾಗಿ ಇರುವುದೇ ಇಲ್ಲ. ಅದಿಲ್ಲದೆ ಟೆಂಡರ್ ಕರೆಯಲು ಬಿಡಬೇಡಿ.

ಕ್ಲಬ್ಬಿನ ಜೊತೆ ಒಪ್ಪಂದವಾದರೆ ಕನಿಷ್ಠ ಹತ್ತು ವರ್ಷ ಊರು ಬಿಡುವಂತಿಲ್ಲ, ಬಿಟ್ಟರೆ ಎರಡು ವರ್ಷದ ನಿರ್ವಹಣೆಯಷ್ಟು ಬ್ಯಾಂಕ್ ಗ್ಯಾರಂಟಿ ಜಪ್ತಿ ಎಂಬ ಷರತ್ತು ಇರಲಿ. ಶಾಲಾ ಮಕ್ಕಳಿಗೆ ವಾರಕ್ಕೆ ಎಷ್ಟು ಗಂಟೆ ಎಂಬುದು ಅಂಕಿಯಲ್ಲೇ ಇರಲಿ. ಸಂಗೀತ ಕಾರ್ಯಕ್ರಮಕ್ಕೆ ಅಂಕಣ ಕೊಡುವುದಾದರೆ ಹುಲ್ಲು ಮುಚ್ಚುವುದು ಮೂರು ದಿನ ಮೀರಬಾರದು.

ಕೊನೆಯದಾಗಿ ಜನರ ಸುರಕ್ಷತೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಬ್ರಿಟನ್ನಿನ ಸುರಕ್ಷತಾ ಮಾರ್ಗಸೂಚಿ ಪ್ರಕಾರ ಒಂದು ಮೀಟರ್ ಅಗಲದ ಮೆಟ್ಟಿಲಲ್ಲಿ ನಿಮಿಷಕ್ಕೆ 66 ಜನರಷ್ಟೇ ಇಳಿಯಬಲ್ಲರು, ಗ್ಯಾಲರಿ ಖಾಲಿಯಾಗಲು ಹೆಚ್ಚೆಂದರೆ 8 ನಿಮಿಷ. ಉದಾಹರಣೆಗೆ 12 ಸಾವಿರ ಆಸನಕ್ಕೆ ಒಟ್ಟು 23 ಮೀಟರ್ ಮೆಟ್ಟಿಲಗಲ ಬೇಕು. ಒಂದು ದಾರಿ ಮುಚ್ಚಿಹೋದರೂ ಸಾಲಬೇಕಾದ್ದರಿಂದ ಅದಕ್ಕೂ ಹೆಚ್ಚು. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಪ್ರತಿ ಬಾಗಿಲನ್ನೂ ಕೂಡಿ ನೋಡಿ. ಗೇಟಿನ ಹೊರಗೆ ಜನ ನಿಲ್ಲಲು ರಸ್ತೆಯಲ್ಲದೆ ಬೇರೆ ಜಾಗ ಇದೆಯೇ ಎಂಬುದನ್ನೂ ಬರವಣಿಗೆಯಲ್ಲಿ ಕೇಳಿ.